ಹೆರ್ಮಿನಳ ಹನ್ನೊಂದನೇ ನಂಬರ್

ಹೆರ್ಮಿನ್ ವೆಸ್ಸೆಲಿಂಕ್ ಹುಟ್ಟಿದ ವಾರ ಏಣಿ ಹೊತ್ತವರಲ್ಲಿ ನಾನೂ ಒಬ್ಬ. ನಮ್ಮ ಬೆರ್ಕೆನ್‌ವೋರ್ಡ್‌ನಲ್ಲಿ ಮಗು ಹುಟ್ಟಿದ ಮನೆಗೆ ನೆರೆಯವರು ಒಣದ್ರಾಕ್ಷಿಯ ಬ್ರೆಡ್ಡನ್ನು ಏಣಿಯ ಮೇಲೆ ಮಲಗಿಸಿಕೊಂಡು ಹೊತ್ತೊಯ್ಯಬೇಕು. ಪ್ರೀತಿಗಾಗಿ ಮಾಡುವ ಕೆಲಸವಲ್ಲ ಇದು, ನೆರೆಯವರ ಕರ್ತವ್ಯ. ಹುಟ್ಟಿದಾಗ ಬ್ರೆಡ್ಡು ಹೊರುವುದು, ಸತ್ತಾಗ ಹೆಣ ಹೊರುವುದು, ನಡುವಿನ ಎಪ್ಪತ್ತು ಎಂಬತ್ತು ವರ್ಷ ಬೇಲಿಯ ಈಚೆ ನಿಂತು ಆಚೆಯವರ ತಪ್ಪು ಹುಡುಕುವುದು. ಬ್ರೆಡ್ಡಿನ ಉದ್ದ ಮಗುವಿನ ಉದ್ದಕ್ಕೆ ತಕ್ಕಂತಿರಬೇಕು ಎಂದು ಹಿರಿಯರು ಹೇಳುತ್ತಿದ್ದರು. ಆ ಸಲ ಬೇಕರಿಯವನು ಒಲೆಯ ಹಿಂದಿನ ಗೋಡೆ ಒಡೆಸಬೇಕಾಯಿತು. ಏಣಿಯ ಮುಂದಿನ ತುದಿ ಹಿಡಿದವರು ಟ್ರೂಸ್ ವೆಸ್ಸೆಲಿಂಕಳ ಅಡುಗೆಮನೆಯಲ್ಲಿ ಎರಡನೇ ಕಪ್ ಕಾಫಿ ಕುಡಿಯುತ್ತಿದ್ದಾಗ, ಹಿಂದಿನ ತುದಿಯಲ್ಲಿದ್ದ ನಾವು ಇನ್ನೂ ಚರ್ಚಿನ ತಿರುವಿನಲ್ಲಿ ಬೂಟಿನ ಹಿಮ ಕೊಡವಿಕೊಳ್ಳುತ್ತಿದ್ದೆವು. ನಂಬದವರು ನಂಬದಿರಲಿ. ಬ್ರೆಡ್ಡು ಮಾತ್ರ ಈಸ್ಟರ್‌ವರೆಗೆ ಮುಗಿಯಲಿಲ್ಲ.

ಬಾಣಂತಿ ಟ್ರೂಸ್ ತೊಟ್ಟಿಲ ಹೊರಗೆ ಇಳಿಬಿದ್ದಿದ್ದ ಎರಡು ಪಾದಗಳನ್ನು ತೋರಿಸಿ, "ಬೆರೆಂಡ್, ಇದಕ್ಕೆ ಕಾಲುಚೀಲ ಹೆಣೆಯೋಕೆ ಎಷ್ಟು ಕುರಿ ಬೇಕಾಗಬಹುದು?" ಎಂದು ಕೇಳಿದಳು. ಮಗಳ ಬಗ್ಗೆ ಅವಳು ಆಡಿದ ಮೊದಲ ಮಾತು ಅದು. ಆಮೇಲಿನ ಮಾತುಗಳೂ ಹೆಚ್ಚು ಕಡಿಮೆ ಅದೇ ದಾರಿ ಹಿಡಿದವು.

ಹೆರ್ಮಿನಳಿಗೆ ಒಂಬತ್ತಾಗಿದ್ದಾಗ ಹಂದಿ ಸಾಕುತ್ತಿದ್ದ ಅವಳಪ್ಪ ತೀರಿಕೊಂಡ. ಅವನನ್ನೂ ಹೊತ್ತೆವು. ಆ ವರ್ಷವೇ ಹುಡುಗಿ ನಮ್ಮ ವಾಲಿಬಾಲ್ ಹಾಲ್‌ಗೆ ಬಂದಳು. ನಾನು ಆ ಹಾಲ್‌ನ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದೆ, ಇವತ್ತಿಗೂ ನೋಡಿಕೊಳ್ಳುತ್ತೇನೆ. ಹದಿನೇಳು ತುಂಬುವಷ್ಟರಲ್ಲಿ ಅವಳ ಎತ್ತರ ಎರಡು ಮೀಟರಿಗೆ ಎರಡೇ ಸೆಂಟಿಮೀಟರ್ ಕಡಿಮೆ. ಆ ಎರಡನ್ನು ಅಮ್ಮನ ಎದುರು ಬೆನ್ನು ಬಗ್ಗಿಸಿ ನಿಂತು ನಿಂತು ಕಳೆದುಕೊಂಡಳೆಂದು ನನ್ನ ಅನುಮಾನ. ನೆಟ್ಟಿನ ಪಕ್ಕದಲ್ಲಿ ಸುಮ್ಮನೆ ನಿಂತರೆ ಎದುರಿನ ತಂಡದವರು ಮಬ್ಬಾಯಿತೆಂದು ದೀಪ ಹಾಕಲು ಹೇಳುತ್ತಿದ್ದರು. ಅವಳು ಹೊಡೆದ ಚೆಂಡು ನೆಲಕ್ಕೆ ಬಿದ್ದ ಸದ್ದಿಗೆ ಗಡಿಯಾಚೆಯ ಜರ್ಮನಿಯಲ್ಲಿ ಕೋಳಿಗಳು ಅವಧಿಗೆ ಮುಂಚೆ ಮೊಟ್ಟೆಯಿಡುತ್ತಿದ್ದವು.

ಹೊಗಳಿಕೆಯ ವಿಷಯದಲ್ಲಿ ನಮ್ಮ ಊರಿನವರ ಕೈ ಸ್ವಲ್ಪ ಗಿಡ್ಡ. ಅತಿ ಒಳ್ಳೆಯದನ್ನು ಕಂಡರೆ "ಇನ್ನೂ ಕೆಟ್ಟದಾಗಬಹುದಿತ್ತು" ಎನ್ನುತ್ತೇವೆ. ಅದಕ್ಕಿಂತ ಮೇಲಿನ ಮಾತು ನಮ್ಮಲ್ಲಿಲ್ಲ. ನನಗೆ ತಿಳಿದಂತೆ ಟ್ರೂಸ್ ತನ್ನ ಜೀವಮಾನದಲ್ಲಿ ಆ ಮಾತನ್ನು ಎರಡೇ ಸಲ ಆಡಿದ್ದಳು. ಯುದ್ಧ ಮುಗಿದಾಗ ಒಂದು ಸಲ, ಗಂಡನ ತಿಥಿಯೂಟದ ಹ್ಯಾಮ್ ತಿಂದಾಗ ಇನ್ನೊಂದು ಸಲ.

ಹದಿನೆಂಟಕ್ಕೆ ಹೆರ್ಮಿನ್ ಊರು ಬಿಟ್ಟಳು. ಮೊದಲು ದೇಶದ ಪಶ್ಚಿಮದ ದೊಡ್ಡ ಕ್ಲಬ್ಬು, ಆಮೇಲೆ ಜರ್ಮನಿ, ಆಮೇಲೆ ಇಟಲಿಯ ದಕ್ಷಿಣ ತುದಿ, ಕೊನೆಗೆ ಟರ್ಕಿ. ಆಟವೇ ಅವಳ ನೌಕರಿ. ಇಟಲಿಯಲ್ಲಿ ಅವಳು ಆಡಿದ ಊರಿನವರು ಅಂಗಡಿ ಮುಚ್ಚಿ ಹಾಲ್‌ಗೆ ಬರುತ್ತಿದ್ದರಂತೆ. ಮೀನು ಮಾರುವವನು ಅವಳಿಂದ ಕಾಸು ತೆಗೆದುಕೊಳ್ಳುತ್ತಿರಲಿಲ್ಲವಂತೆ. ಅವಳು ಕ್ಲಬ್ಬು ಬಿಟ್ಟ ದಿನ ಅವಳ ಹನ್ನೊಂದನೇ ನಂಬರಿನ ಅಂಗಿಯನ್ನು ಹಾಲ್‌ನ ತೊಲೆಗೆ ನೇತುಹಾಕಿ ಮೂರು ಸಾವಿರ ಜನ ಎದ್ದು ನಿಂತು ಅತ್ತರಂತೆ. ಇದನ್ನೆಲ್ಲ ಅವಳು ಹೇಳಿಕೊಂಡದ್ದಲ್ಲ. ಇಟಲಿಗೆ ಟೈಲ್ಸ್ ತರಲು ಹೋಗುತ್ತಿದ್ದ ಲಾರಿ ಡ್ರೈವರೊಬ್ಬ ನೋಡಿ ಬಂದು ಹೇಳಿದ್ದು. ಅವನು ನನಗಿಂತ ದೊಡ್ಡ ಸುಳ್ಳುಗಾರ. ಆದರೆ ಈ ಒಂದು ವಿಷಯದಲ್ಲಿ ನಿಜ ಹೇಳಿದ್ದನೆಂದು ಆಮೇಲೆ ತಿಳಿಯಿತು.

ಪ್ರತಿ ಮೇ ತಿಂಗಳು ಅವಳು ಪದಕವನ್ನೋ ಕಪ್ಪನ್ನೋ ಹಿಡಿದು ಮನೆಗೆ ಬರುತ್ತಿದ್ದಳು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದರೆ ಅಮ್ಮ "ಕಾಲು ಒರೆಸಿಕೋ" ಎನ್ನುತ್ತಿದ್ದಳು. ಇಟಲಿಯ ಬೆಳ್ಳಿ ಕಪ್ಪಿನಲ್ಲಿ ಟ್ರೂಸ್ ಮರದ ಸೌಟುಗಳನ್ನು ನಿಲ್ಲಿಸಿದಳು. ಪದಕಗಳನ್ನು ಹುರುಳಿಕಾಯಿ ಬಳ್ಳಿಯ ಕೋಲುಗಳಿಗೆ ಕಟ್ಟಿದಳು. ಹಕ್ಕಿಗಳು ಹತ್ತಿರ ಸುಳಿಯಲಿಲ್ಲ ಎಂಬುದನ್ನು ಒಪ್ಪಲೇಬೇಕು. ಮೂರನೇ ವರ್ಷ ಹೆರ್ಮಿನ್ ಕಂಚು ತಂದಾಗ, "ಚಿನ್ನದ್ದೇ ತರಬೇಕಿತ್ತು, ಇದು ಹೊಳೆಯಲ್ಲ. ಕಾಗೆ ಹೆದರಲ್ಲ" ಎಂದಳು.

ಹದಿನಾರು ವರ್ಷದಲ್ಲಿ ಆ ತಾಯಿ ಮಗಳ ಒಂದೇ ಒಂದು ಆಟ ನೋಡಲಿಲ್ಲ. ಕರೆದಾಗಲೆಲ್ಲ ಮನೆಯಲ್ಲಿ ಕಿಟಕಿ ಒರೆಸುವ ದಿನ.

ಮೂವತ್ತನಾಲ್ಕಕ್ಕೆ, ಬಲ ಮಂಡಿಗೆ ಮೂರು ಸಲ ಶಸ್ತ್ರಚಿಕಿತ್ಸೆಯಾದ ಮೇಲೆ, ಹೆರ್ಮಿನ್ ಊರಿಗೆ ಮರಳಿದಳು. ಅಷ್ಟರಲ್ಲಿ ನಮ್ಮ ಕ್ಲಬ್ಬು ಮೇಲಿನ ಲೀಗಿಗೆ ಏರಿತ್ತು. ಅದಕ್ಕೆ ಕಾರಣ ನಮ್ಮ ಅಧ್ಯಕ್ಷ ಅಲೋಯ್ಸ್. ಗೋಡೆ ಒಡೆಸಿದ ಬೇಕರಿಯವನ ಮಗ ಇವನು. ಈಗ ಹನ್ನೆರಡು ಊರಿಗೆ ಬ್ರೆಡ್ಡು ಕಳಿಸುತ್ತಾನೆ. ತಂಡದ ಅಂಗಿಯ ಬೆನ್ನ ಮೇಲೆ ಆಡುವವರ ಹೆಸರಿಲ್ಲ, ಅಲೋಯ್ಸನ ಬೇಕರಿಯ ಹೆಸರು. ಒಳ್ಳೆಯ ಮನುಷ್ಯ. ಒಂದೇ ಕೊರತೆ, ಯಾರ ಮುಖ ನೋಡಿಯೂ ಕೆಟ್ಟ ಸುದ್ದಿ ಹೇಳಲಾರ. ಅವನ ಹೆಂಡತಿಗೆ ಅವಳಪ್ಪ ಸತ್ತ ವಿಷಯ ತಿಳಿದದ್ದು ತಿಥಿಗೆಂದು ಇನ್ನೂರು ಬನ್ನುಗಳಿಗೆ ಆರ್ಡರ್ ಬಂದಾಗ.

ಆ ಅಕ್ಟೋಬರಿನ ಒಂದು ಮಧ್ಯಾಹ್ನ ನಾನು ಮೊಟ್ಟೆ ಕೊಡಲು ಟ್ರೂಸಳ ಅಡುಗೆಮನೆಗೆ ಹೋಗಿದ್ದೆ. ಹೆರ್ಮಿನ್ ಮಂಡಿಗೆ ಐಸಿನ ಚೀಲ ಕಟ್ಟಿಕೊಂಡು ಕೂತಿದ್ದಳು. ಕಾಲು ಮೇಜಿನ ಆಚೆ ಬದಿಯಿಂದ ಹೊರಬಂದಿತ್ತು.

"ಅಮ್ಮಾ, ಡಿಸೆಂಬರ್ ಎರಡನೇ ಶನಿವಾರ ಚಾಂಪಿಯನ್ನರ ಮೇಲೆ ಆಟ ಇದೆ. ಇಲ್ಲೇ, ನಮ್ಮ ಹಾಲ್‌ನಲ್ಲೇ. ಒಂದು ಸಲ ಬಾ."

"ಯಾಕೆ? ನಾನು ಚೆಂಡು ನೋಡಿಲ್ವಾ?"

"ನಾನು ಆಡೋದನ್ನ ನೋಡಿಲ್ಲ."

"ಹದಿನಾರು ವರ್ಷ ಆಡಿದೀಯ. ನಾನು ನೋಡಲಿಲ್ಲ ಅಂತ ಚೆಂಡೇನಾದ್ರೂ ಒಡೆದುಹೋಯ್ತಾ?"

"ಈ ವರ್ಷಕ್ಕೆ ಮುಗೀತಮ್ಮಾ. ಮಂಡಿ ಮಾತು ಕೇಳ್ತಿಲ್ಲ. ಆಮೇಲೆ ನೋಡ್ತೀನಿ ಅಂದ್ರೂ ಇರಲ್ಲ."

ಟ್ರೂಸ್ ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಅವಳ ಎರಡೂ ಕಣ್ಣುಗಳಿಗೆ ಪೊರೆ ಬಂದು ಹಾಲಿನ ಬಟ್ಟಲುಗಳಾಗಿದ್ದವು. ಮೊಟ್ಟೆಯನ್ನಲ್ಲ, ಗುಡ್ಡವನ್ನು ಬೆಳಕಿಗೆ ಹಿಡಿದರೂ ಕಾಣುತ್ತಿರಲಿಲ್ಲ. ಆಪರೇಷನ್ ಮಾಡಿಸಿಕೋ ಎಂದವರಿಗೆ, "ನೋಡೋದೆಲ್ಲ ನೋಡಿ ಆಗಿದೆ, ಯಾವುದೂ ಅಂಥ ಚೆನ್ನಾಗಿರಲಿಲ್ಲ" ಎನ್ನುತ್ತಿದ್ದಳು.

"ಸರಿ," ಎಂದಳು ಕೊನೆಗೆ. "ಮುಗಿಯೋದು ಅಂದ್ರೆ ಬರ್ತೀನಿ. ಕೊನೆಗೆ ಬರೋದು ಮರ್ಯಾದೆ. ಆದ್ರೆ ಒಂದೇ ಸಲ. ಸುಮ್ನೆ ಕರೆಸಿದ್ರೆ ಇನ್ನೊಂದು ಸಲ ಬಾಯಿ ತೆಗೀಬೇಡ."

ಎದ್ದು ಹೋಗಿ ಶೌಚಾಲಯದ ಗೋಡೆಯ ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ ತಡವಿ ತಡವಿ ಪೆನ್ಸಿಲಿನಿಂದ ಗುರುತು ಹಾಕಿ ಬಂದಳು. ನಮ್ಮ ಮನೆಗಳಲ್ಲಿ ಆ ಕ್ಯಾಲೆಂಡರಿಗೆ ಏರಿದ್ದು ಕಲ್ಲಿನ ಮೇಲೆ ಕೆತ್ತಿದಂತೆ. ದಿನಕ್ಕೆ ನಾಲ್ಕು ಸಲ ಅದರ ಎದುರು ಕೂರಬೇಕಲ್ಲ.

ಹೆರ್ಮಿನ್ ನನ್ನ ಕಡೆ ತಿರುಗಿ ನಕ್ಕಳು. ಇಟಲಿಯ ಮೂರು ಸಾವಿರ ಜನ ಎದ್ದು ನಿಂತಾಗಲೂ ಹಾಗೆ ನಕ್ಕಿರಲಾರಳು. ಅವಳಿಗೆ ಇನ್ನು ಬೇಕಿದ್ದದ್ದು ಅದೊಂದೇ ಶನಿವಾರ. ಆ ದಿನದವರೆಗೆ ಮಂಡಿ ತಡೆಯಬೇಕು, ಅಮ್ಮ ಬಂದು ಕೂರಬೇಕು, ಒಂದೇ ಒಂದು ಚೆಂಡನ್ನಾದರೂ ಅಮ್ಮನ ಕಣ್ಣೆದುರು ನೆಲಕ್ಕೆ ಬಡಿಯಬೇಕು.

ಅದಕ್ಕೆ ಮುಂಚೆ ಡಿಸೆಂಬರ್ ಐದು ಬಂತು. ಸಂತ ನಿಕೋಲಾಸ ಸ್ಪೇನಿನಿಂದ ಬಂದು ಉಡುಗೊರೆ ಹಂಚುತ್ತಾನೆಂದು ನಂಬುವ ಸಂಜೆ.

ಆ ಸಂಜೆಗೆಂದು ಕ್ಲಬ್ಬಿನಲ್ಲಿ ನವೆಂಬರಿನಲ್ಲೇ ಚೀಟಿ ಎತ್ತುತ್ತೇವೆ. ಯಾರ ಹೆಸರಿನ ಚೀಟಿ ಬಂತೋ ಅವರಿಗೊಂದು ಉಡುಗೊರೆ, ಜೊತೆಗೊಂದು ಪದ್ಯ. ಬರೆದವರ ಹೆಸರು ಇರುವುದಿಲ್ಲ, ಎಲ್ಲವೂ ಸಂತನ ಲೆಕ್ಕಕ್ಕೆ. ಪದ್ಯದಲ್ಲಿ ಆ ಮನುಷ್ಯನನ್ನು ಎಷ್ಟು ಬೇಕಾದರೂ ಹುರಿಯಬಹುದು. ಅವನು ಎಲ್ಲರ ಎದುರು ನಿಂತು, ಉಡುಗೊರೆ ಬಿಚ್ಚುವ ಮುಂಚೆ, ಅದನ್ನು ಗಟ್ಟಿಯಾಗಿ ಕೊನೆತನಕ ಓದಬೇಕು, ನಗಬೇಕು, "ಧನ್ಯವಾದ, ಸಂತರೇ" ಎನ್ನಬೇಕು. ಮುಖ ಗಂಟಿಕ್ಕಿದವನನ್ನು ಊರು ಮುಂದಿನ ಹತ್ತು ವರ್ಷ ಆಡಿಕೊಳ್ಳುತ್ತದೆ.

ಊರಿನಲ್ಲಿ ಪ್ರಾಸ ಹಾಕಲು ಬರುವವನು ನಾನೊಬ್ಬನೇ. ನವೆಂಬರ್ ಬಂತೆಂದರೆ ಪಾದ್ರಿಯಿಂದ ಹಿಡಿದು ಪಶುವೈದ್ಯರವರೆಗೆ ಎಲ್ಲರೂ ನನ್ನ ಬಾಗಿಲಿಗೆ. ಒಂದು ವರ್ಷ ಗಂಡ ಹೆಂಡತಿ ಇಬ್ಬರಿಗೂ ಪರಸ್ಪರರ ಮೇಲೆ ಬರೆದುಕೊಟ್ಟು, ಅವರ ವಿಚ್ಛೇದನದ ಊಟಕ್ಕೂ ಕರೆಸಿಕೊಂಡಿದ್ದೇನೆ. ಆ ಸಲ ಅಲೋಯ್ಸ್ ಬಂದ. ಹುಬ್ಬಿನ ಮೇಲೆ ಹಿಟ್ಟು ಕೂತಿತ್ತು.

"ನಂಗೆ ಹೆರ್ಮಿನ್ ಚೀಟಿ ಬಂದಿದೆ, ಬೆರೆಂಡ್. ಖಾರವಾಗಿರಲಿ."

"ಏನೇನು ಹಾಕಲಿ?"

"ಮಂಡಿ ಹಾಕು. ಕಿರಕಿರ ಅನ್ನುತ್ತಲ್ಲ, ಅದನ್ನ ಹಾಕು. ಆಮೇಲೆ..." ಅಲೋಯ್ಸ್ ನನ್ನ ಬೆಕ್ಕಿನ ಕಡೆ ನೋಡಿದ. "ಕಮಿಟಿ ತೀರ್ಮಾನ ಮಾಡಿದೆ. ಈ ಚಳಿಗಾಲಕ್ಕೇ ಅವಳನ್ನ ತಂಡದಿಂದ ಬಿಡ್ತಿದೀವಿ. ಪಶ್ಚಿಮದಿಂದ ನೀಂಕೆ ಅಂತ ಒಂದು ಹುಡುಗಿ ಬರ್ತಿದಾಳೆ. ಹತ್ತೊಂಬತ್ತು ವರ್ಷ, ಹೆಚ್ಚುಕಡಿಮೆ ಇವಳಷ್ಟೇ ಉದ್ದ, ಮಂಡಿ ಎರಡೂ ಹೊಸದು. ಹನ್ನೊಂದನೇ ನಂಬರ್ ಅವಳಿಗೆ. ಅದನ್ನೂ ಪ್ರಾಸದಲ್ಲಿ ಕೂರಿಸು."

"ಅಯ್ಯೋ ಪಾಪ," ಎಂದೆ. ಅನ್ನುತ್ತಲೇ ತಲೆಯಲ್ಲಿ ಪ್ರಾಸ ಹುಡುಕತೊಡಗಿದ್ದೆ.

ಅವಳಿಗೆ ವಿಷಯ ಗೊತ್ತೇ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೇ ಕಾಣಲಿಲ್ಲ. ನಿಕೋಲಾಸನ ಪದ್ಯ ಬರೆಯುವುದು ಊರಿಗೆಲ್ಲ ಗೊತ್ತಿರುವ ವಿಷಯದ ಮೇಲೆ. ಕುಡುಕನಿಗೆ ಕುಡಿತದ ಪದ್ಯ, ಬೋಳನಿಗೆ ಬಾಚಣಿಗೆಯ ಪದ್ಯ. ಬೋಳಾಗಿದ್ದೀಯ ಎಂಬುದನ್ನು ಪದ್ಯದ ಮೂಲಕ ಮೊದಲ ಸಲ ಯಾರಿಗೂ ತಿಳಿಸಿದ್ದಿಲ್ಲ. ಅಲೋಯ್ಸನ ಲೆಕ್ಕ ಬೇರೆಯಿತ್ತು. ತಾನು ಬಾಯಿಬಿಟ್ಟು ಹೇಳಲಾರದ್ದನ್ನು ಸಂತ ಹೇಳಲಿ, ನಾಲ್ಕು ಜನರ ಮಧ್ಯೆ, ಪ್ರಾಸಬದ್ಧವಾಗಿ. ಒಂದೇ ಕಲ್ಲಿಗೆ ತಂಡದಿಂದ ತೆಗೆಯುವ ಕಾಗದವೂ ಆಯಿತು, ಹಬ್ಬವೂ ಆಯಿತು. ನಾನು ಎರಡು ದಿನ ಕೂತು ಚೆನ್ನಾಗಿ ಬರೆದೆ. ಅದೇ ನನ್ನ ಅಪರಾಧ. ಕೆಟ್ಟದಾಗಿ ಬರೆದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಸಂಜೆ ಆರಕ್ಕೆಲ್ಲ ಕ್ಯಾಂಟೀನ್ ತುಂಬಿತ್ತು. ಟ್ರೂಸ್ ಬಂದಿರಲಿಲ್ಲ. "ಸಂತ ನನಗೇನೂ ಕೊಟ್ಟವನಲ್ಲ" ಎಂದು ಅವಳು ಗಂಡ ಸತ್ತ ವರ್ಷದಿಂದ ಬರುವುದನ್ನು ಬಿಟ್ಟಿದ್ದಳು. ಅಲೋಯ್ಸನ ಕೆಲಸದವರು ನಾಲ್ಕು ಜನ ಸೇರಿ ಹಲಗೆಯ ಮೇಲೆ ಏನನ್ನೋ ಹೊತ್ತು ತಂದರು. ಮಸಾಲೆ ಬಿಸ್ಕತ್ತಿನ ಹಿಟ್ಟಿನಲ್ಲಿ ಬೇಯಿಸಿದ ಹೆಂಗಸು. ಹೆರ್ಮಿನಳದೇ ಉದ್ದ, ಹೆರ್ಮಿನಳದೇ ಜುಟ್ಟು, ಎದೆಯ ಮೇಲೆ ಸಕ್ಕರೆಯಲ್ಲಿ ಬರೆದ ಹನ್ನೊಂದು. ಬಲ ಮಂಡಿಗೆ ಬಾದಾಮಿಯ ಪಟ್ಟಿ ಸುತ್ತಿತ್ತು. ಜನ ನೋಡಿ ಚಪ್ಪಾಳೆ ಹೊಡೆದರು. ನನಗೆ ಆ ಏಣಿ ನೆನಪಾಯಿತು.

ಹೆರ್ಮಿನ್ ನಗುತ್ತಲೇ ಎದ್ದು ನಿಂತು ಓದಿದಳು.

ದೂರದ ಸ್ಪೇನಿನಲಿ ಕೂತಿದ್ದ ಸಂತ,
ಕೇಳಿದ, "ಏನದು ಕಿರಕಿರ ಅಂತ?
ಗಾಳಿಗಿರಣಿಯೋ, ಹಳೆ ಬಂಡಿಯೋ?"
"ಅಲ್ಲಲ್ಲ ಸ್ವಾಮಿ, ಹೆರ್ಮಿನಳ ಮಂಡಿಯೋ!"

ನಗೆ ಎದ್ದಿತು. ಯಾರೋ ಮೇಜು ಗುದ್ದಿದರು. ನನಗೆ ಹಿತವಾಯಿತು.

ಮೂರು ಸಲ ಕೊಯ್ದರು, ಮೂರು ಸಲ ಹೊಲಿದರು,
ನಾಲ್ಕನೆ ಸಲಕೆ ದಾರ ಮುಗಿಯಿತೆಂದರು.
ಅಂದು ಹಾರಿದರೆ ತಲೆ ತಾಗಿತು ತೊಲೆಗೆ,
ಇಂದು ಹಾರಲು ಬೇಕು ಮೆಟ್ಟಿಲು ಕಾಲಿಗೆ.

ಅವಳಿಗೂ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಮುಂದಿನದಕ್ಕೆ ಹೋದಳು.

ಹನ್ನೊಂದರ ಅಂಗಿಗೆ ಹೊಸ ಮೈ ಸಿಕ್ಕಿದೆ,
ಹತ್ತೊಂಬತ್ತರ ಮಂಡಿಗೆ ಎಣ್ಣೆ ಹಾಕಿದಂತಿದೆ.

ಇಲ್ಲಿ ನಿಂತಳು. ಒಂದು ಸಲ ಅಲೋಯ್ಸನ ಕಡೆ ನೋಡಿದಳು. ಅಲೋಯ್ಸ್ ಬಿಸ್ಕತ್ತಿನ ಹೆಂಗಸಿನ ಪಾದ ನೋಡುತ್ತಿದ್ದ. ಅವಳು ಅದೇ ಸಾಲಿಗೆ ಬೆರಳಿಟ್ಟು ಮತ್ತೊಮ್ಮೆ ಓದಿಕೊಂಡದ್ದನ್ನು ಕಂಡಾಗ ನನಗೆ ತಿಳಿಯಿತು, ಇವಳಿಗೆ ಯಾರೂ ಹೇಳಿಲ್ಲ. ಆದರೆ ಪದ್ಯವನ್ನು ಮಧ್ಯದಲ್ಲಿ ನಿಲ್ಲಿಸುವ ಹಾಗಿಲ್ಲ.

"ಓದು, ಓದು!" ಎಂದು ಹಿಂದಿನವರು ಕೂಗಿದರು. "ಸಂತ ಕಾಯ್ತಿದಾನೆ!"

ಶನಿವಾರದಿಂದಲೇ ಬಿಡುವು ನಿನಗೆ, ತಂಗಿ,
ಮಡಿಸಿ ಕೊಟ್ಟುಬಿಡು ಬೆವರಿನ ಅಂಗಿ.
ಅಳಬೇಡ, ನಗುತಲೇ ಓದು ಕೊನೆತನಕ,
ಸಂತನಿಗೆ ಎದುರಾಡಿಲ್ಲ ಯಾರೂ ಇಲ್ಲಿತನಕ.

ಕೊನೆಯ ಎರಡು ಸಾಲು ಅಲೋಯ್ಸ್ ಕೇಳಿದ್ದಲ್ಲ. ಮೇಲೆ ನಾನೇ ಉಚಿತವಾಗಿ ಹಾಕಿದ್ದು.

ಹೆರ್ಮಿನ್ ಕಾಗದ ಮಡಿಸಿದಳು. ನಕ್ಕಳು. "ಧನ್ಯವಾದ, ಸಂತರೇ," ಎಂದಳು. ಧ್ವನಿ ಚೂರೂ ಹೆಚ್ಚು ಕಡಿಮೆಯಾಗಲಿಲ್ಲ. ನಲವತ್ತು ಜನ ಚಪ್ಪಾಳೆ ತಟ್ಟಿದರು. ಉಡುಗೊರೆ ಒಳಗಿದೆ, ಒಡೆಯಬೇಕು ಎಂದರು. ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಅವಳು ತನ್ನದೇ ಹೊಟ್ಟೆ ಒಡೆದಳು. ಒಳಗೆ ಇಸ್ತ್ರಿ ಮಾಡಿ ಮಡಿಸಿಟ್ಟ ನೀಲಿ ಏಪ್ರನ್. ನನ್ನ ಕ್ಯಾಂಟೀನಿನದೇ, ಬೆಳಿಗ್ಗೆಯಿಂದ ಗೂಟದ ಮೇಲೆ ಕಾಣುತ್ತಿರಲಿಲ್ಲ. ಜೊತೆಗೆ ಕ್ಯಾಂಟೀನ್ ಪಾಳಿಯ ಪಟ್ಟಿ. ಕ್ಲಬ್ಬಿನ ಪ್ರತಿ ಸದಸ್ಯರೂ ಸರದಿಯ ಮೇಲೆ ಕ್ಯಾಂಟೀನಿನಲ್ಲಿ ದುಡಿಯಬೇಕು; ವಿನಾಯಿತಿ ಸಂಬಳದ ಆಟಗಾರರಿಗೆ ಮಾತ್ರ. ಅವಳ ವಿನಾಯಿತಿ ಮುಗಿದಿತ್ತು. ಪಟ್ಟಿಯ ಮೊದಲ ಸಾಲಿನಲ್ಲೇ ಹೆಸರು, ಎರಡನೇ ಶನಿವಾರ, ಚಾಂಪಿಯನ್ನರ ಆಟದ ದಿನ.

ಆಮೇಲೆ ಜನ ಅವಳನ್ನು ಕಾಫಿಯ ಜೊತೆ ತಿಂದರು. ಕೈ ಒಬ್ಬರಿಗೆ, ಭುಜ ಒಬ್ಬರಿಗೆ. ಬಾದಾಮಿ ಇದ್ದ ಮಂಡಿಗೆ ಜಗಳವೇ ಆಯಿತು. ನನ್ನ ತಟ್ಟೆಗೂ ಒಂದು ಕಿವಿ ಬಂತು. ತಿಂದೆ. ಏಲಕ್ಕಿ ಸ್ವಲ್ಪ ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ನಾನು ಬ್ರೆಡ್ಡು ಕೊಳ್ಳಲು ಹೋದಾಗ ಹೆರ್ಮಿನ್ ಬೇಕರಿಯಲ್ಲಿ ನಿಂತಿದ್ದಳು.

"ಶನಿವಾರ ಒಂದು ದಿನ ಆಡೋಕೆ ಬಿಡಿ, ಅಲೋಯ್ಸ್. ಬೇಡ, ಒಂದು ಸೆಟ್ ಬಿಡಿ. ಅದೂ ಬೇಡ, ಒಂದೇ ಒಂದು ಚೆಂಡು. ನಮ್ಮಮ್ಮ ಬರ್ತಾರೆ."

"ತಂಡದ ಪಟ್ಟಿ ಫೆಡರೇಷನ್‌ಗೆ ಹೋಗಿಬಿಟ್ಟಿದೆಯಮ್ಮ," ಎಂದ ಅಲೋಯ್ಸ್ ಬನ್ನುಗಳಿಗೆ. "ನಾನು ಬೇಡ ಅಂತೀನಾ? ಪಟ್ಟಿ ಅಂದ್ರೆ ಪಟ್ಟಿ."

"ನಂಗೆ ಮುಂಚೆ ಹೇಳಬಹುದಿತ್ತು."

"ಹೇಳಿದ್ವಲ್ಲ, ನಿನ್ನೆ ಪದ್ಯದಲ್ಲಿ!" ಅಲೋಯ್ಸನಿಗೆ ನಿಜವಾಗಿಯೂ ನೋವಾಗಿತ್ತು. "ಎಷ್ಟು ಚೆನ್ನಾಗಿ ನಕ್ಕೆ ನೀನು. ಬೇಜಾರಿಲ್ಲ ಅಂದ್ಕೊಂಡೆ. ಒಂದು ಬನ್ ತಗೋ."

ಅವಳು ಬನ್ ತೆಗೆದುಕೊಂಡಳು. ಹೊರಗೆ ಬಂದು ನನ್ನ ಕೈಗೆ ಕೊಟ್ಟಳು. "ಪ್ರಾಸ ಚೆನ್ನಾಗಿತ್ತು, ಬೆರೆಂಡ್ ಮಾಮ," ಎಂದಳು. ಅಷ್ಟೆ. ಬೈದಿದ್ದರೆ ನಾನು ಇಷ್ಟು ದಿನ ಬದುಕುತ್ತಿರಲಿಲ್ಲವೇನೋ, ಅಥವಾ ಸುಖವಾಗಿ ಬದುಕುತ್ತಿದ್ದೆ.

ಶುಕ್ರವಾರ ಅವಳು ಅಮ್ಮನಿಗೆ ನಿಜ ಹೇಳಲು ಹೋದಳು. ನಾನೂ ಜೊತೆಗಿದ್ದೆ, ಬರೆದವನು ನಾನು, ಒಪ್ಪಿಕೊಳ್ಳುವುದಿತ್ತು. ಟ್ರೂಸ್ ಅಡುಗೆಮನೆಯಲ್ಲಿ ಚರ್ಚಿಗೆ ಹಾಕುವ ನೀಲಿ ಕೋಟನ್ನು ಕುರ್ಚಿಗೆ ತೊಡಿಸಿ ಬ್ರಶ್ ಉಜ್ಜುತ್ತಿದ್ದಳು. ಕಾಣದ ಕಣ್ಣಿಗೆ ಕುರ್ಚಿಯನ್ನೂ ಸೇರಿಸಿ ಉಜ್ಜುತ್ತಿದ್ದಳು.

"ಅಮ್ಮಾ, ನಾಳೆ..."

"ನಾಳೆ ಎಷ್ಟು ಹೊತ್ತಿಗೆ ಅಂತ ಕೇಳ್ಕೊಂಡಿದೀನಿ. ಟಿಕೆಟ್ ತಗೊಂಡಿದೀನಿ. ಟಿಕೆಟ್ ಯಾಕೆ ದುಂಡಗಿಲ್ಲ, ಚೆಂಡಿನ ಆಟಕ್ಕೆ?" ಟ್ರೂಸ್ ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಕಿಟಕಿ ಇವತ್ತೇ ಒರೆಸಿದೆ, ನಾಳೆ ನೆಪ ಇರಬಾರದು ಅಂತ."

ಹೆರ್ಮಿನ್ ಬಾಗಿಲ ಚೌಕಟ್ಟಿನಲ್ಲಿ ಬಗ್ಗಿ ನಿಂತಿದ್ದಳು. "ಬೆಚ್ಚಗೆ ಬಾ ಅಮ್ಮಾ. ಹಾಲ್ ತಣ್ಣಗಿರುತ್ತೆ," ಎಂದಳು.

ಶನಿವಾರ ಏಪ್ರನ್ ಕಟ್ಟಿಕೊಂಡು ನನ್ನ ಪಕ್ಕದಲ್ಲಿ ನಿಂತಳು. ಕ್ಯಾಂಟೀನಿಗೂ ಅಂಕಣಕ್ಕೂ ನಡುವೆ ಒಂದು ದೊಡ್ಡ ಗಾಜು. ನಾವು ಈ ಕಡೆ ಕ್ರೋಕೆಟ್ ಕರಿಯುತ್ತೇವೆ. ಆ ಕಡೆ ಆಟ. ಕ್ರೋಕೆಟ್ ಎಂದರೆ ಮಾಂಸದ ಗೊಜ್ಜು ತುಂಬಿದ ಉದ್ದನೆಯ ವಡೆ ಅನ್ನಿ. ಅದಿಲ್ಲದೆ ನಮ್ಮಲ್ಲಿ ಯಾರೂ ಸೋಲಲೂ ಒಪ್ಪುವುದಿಲ್ಲ. ಕರಿಯುವ ಬಾಣಲೆಯ ಮೇಲಿನ ಹೊಗೆಕೊಳವೆ ಸಾಮಾನ್ಯರ ಎತ್ತರಕ್ಕೆ ಇತ್ತು, ಹೆರ್ಮಿನಳ ಮುಖ ಪೂರ್ತಿ ಹೊಗೆಯೊಳಗೆ. ಆ ಹೊಗೆಯಿಂದಲೇ ಅವಳು ಕಂಡಳು: ಮೇಲಿನ ಕೊನೆಯ ಸಾಲಿನಲ್ಲಿ ನೀಲಿ ಕೋಟು, ಮಡಿಲಲ್ಲಿ ಕೈಚೀಲ, ಬೆನ್ನು ನೆಟ್ಟಗೆ.

"ಬಂದಿದಾರೆ," ಎಂದಳು.

"ಹೋಗಿ ಹೇಳಿಬಿಡು ಮಗಳೇ."

"ಆ ಮೇಜಿನವರು ಆರು ಕ್ರೋಕೆಟ್ ಕೇಳಿದ್ರು. ಎಣ್ಣೆ ಕಾದಿದೆ."

ಆಟ ಶುರುವಾಯಿತು. ನಮ್ಮ ಹಾಲ್‌ನ ಧ್ವನಿವರ್ಧಕ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವನ ಹಾಗೆ ಮಾತಾಡುತ್ತದೆ. ಯಾರ ಹೆಸರು ಕೂಗಿದರೂ ಬುಬ್ಬುಬ್ಬು. ಮೇಲಾಗಿ ಡೋಲಿನ ಗದ್ದಲಕ್ಕೆ ಟ್ರೂಸ್ ಕಿವಿಯ ಯಂತ್ರವನ್ನು ತೆಗೆದು ಚೀಲಕ್ಕೆ ಹಾಕಿಕೊಂಡಿದ್ದಳು. ಅಂಕಣದಲ್ಲಿ ಹನ್ನೊಂದನೇ ನಂಬರಿನ ನೀಂಕೆ. ಅದೇ ಉದ್ದ, ಅದೇ ಹಳದಿ ಜುಟ್ಟು, ಬೆನ್ನ ಮೇಲೆ ಅದೇ ಬೇಕರಿ. ಹಾಲಿನ ಬಟ್ಟಲಿನಂಥ ಕಣ್ಣಿಗೆ ಕಂಡದ್ದು ಅಷ್ಟೇ, ಒಂದು ಉದ್ದನೆಯ ಹನ್ನೊಂದು.

ಏನು ಆಡಿದಳು ಆ ಹುಡುಗಿ! ಹಾಳಾದ್ದು ಒಂದು ತಪ್ಪಾದರೂ ಮಾಡಬಾರದೇ? ಹಾರಿದರೆ ಇಳಿಯುವುದನ್ನೇ ಮರೆಯುತ್ತಿದ್ದಳು. ರೆಫ್ರಿ ಎರಡು ಸಲ ಗಡಿಯಾರ ನೋಡಿಕೊಂಡ. ಎರಡು ಸೆಟ್ ಅವರದ್ದು, ಎರಡು ನಮ್ಮದು. ಐದನೆಯದರ ಕೊನೆಯ ಚೆಂಡನ್ನು ಅವಳು ಬಡಿದ ರಭಸಕ್ಕೆ ನನ್ನ ಗಾಜು ಜುಂ ಎಂದಿತು. ಚಾಂಪಿಯನ್ನರನ್ನು ನಾವು ಗೆದ್ದೆವು, ಮೊದಲ ಸಲ. ಇಡೀ ಹಾಲ್ ಎದ್ದು ನಿಂತಿತು. ಮೇಲಿನ ಸಾಲಿನಲ್ಲಿ ಟ್ರೂಸ್ ಕೂಡ ಎದ್ದಳು. ಕೈಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಎತ್ತಿ, ಚಪ್ಪಾಳೆ ತಟ್ಟಿದಳು.

ಗಾಜಿನ ಈ ಕಡೆ ಹೆರ್ಮಿನ್ ಜಾಲರಿ ಸೌಟು ಹಿಡಿದು ಅದನ್ನು ನೋಡುತ್ತ ನಿಂತಿದ್ದಳು. ಬಾಣಲೆಯಲ್ಲಿ ಎಂಟು ಕ್ರೋಕೆಟ್ ಕಪ್ಪಾದವು.

ಟ್ರೂಸ್ ಕಿವಿಯ ಯಂತ್ರವನ್ನು ಮತ್ತೆ ಸಿಕ್ಕಿಸಿಕೊಂಡು, ಮೆಟ್ಟಿಲು ತಡವಿಕೊಂಡು ಇಳಿದು ಕ್ಯಾಂಟೀನಿನ ಬಾಗಿಲಿಗೆ ಬರುವಷ್ಟರಲ್ಲಿ ಹೆರ್ಮಿನ್ ಏಪ್ರನ್ ಬಿಚ್ಚಿ ನನ್ನತ್ತ ಎಸೆದು, ಕೌಂಟರ್ ದಾಟಿ ಎದುರಿಗೆ ಹೋಗಿ ನಿಂತಿದ್ದಳು. ಹಣೆಯ ಮೇಲೆ ಕೂದಲು ಒದ್ದೆಯಾಗಿ ಅಂಟಿತ್ತು. ಟ್ರೂಸ್ ಕೈ ಚಾಚಿ ಆ ಎತ್ತರಕ್ಕೆ ಹುಡುಕಿ, ಮಗಳ ಕೆನ್ನೆ ಮುಟ್ಟಿ ನೋಡಿದಳು.

"ಬೆವರಿದೀಯ."

"ಹೂಂ ಅಮ್ಮಾ."

"ಬೇಗ ಬಟ್ಟೆ ಬದಲಾಯಿಸಿದೀಯ." ಟ್ರೂಸ್ ಕೋಟಿನ ಗುಂಡಿ ಸರಿಮಾಡಿಕೊಂಡಳು. ಕ್ಯಾಂಟೀನಿನಲ್ಲಿದ್ದ ಅರವತ್ತು ಜನ ಒಬ್ಬೊಬ್ಬರಾಗಿ ಅತ್ತ ತಿರುಗಿದರು. "ಆ ಕೊನೇ ಏಟು..." ಎಂದಳು. "ಇನ್ನೂ ಕೆಟ್ಟದಾಗಬಹುದಿತ್ತು."

ಬಾಗಿಲ ಬಳಿಯಲ್ಲೇ ನೀಂಕೆ, ಹನ್ನೊಂದರ ಅಂಗಿಯಲ್ಲಿ, ಕಾಲ ಮೇಲೆ ಐಸಿನ ನೀರು ಸುರಿದುಕೊಂಡು ನಿಂತಿದ್ದಳು. ಅಲೋಯ್ಸ್ ಅವಳ ಹೆಗಲ ಮೇಲೆ ಕೈಯಿಟ್ಟು, "ಟ್ರೂಸ್, ನೋಡಿ, ಇವಳೇ ನಮ್ಮ..." ಎಂದು ಶುರುಮಾಡಿದ. ನಾನು ಅವನ ಪಾದವನ್ನು ನನ್ನ ಪೂರ್ತಿ ತೂಕದಿಂದ ತುಳಿದೆ. ಸ್ವರ್ಗದ ಬಾಗಿಲಲ್ಲಿ ತೋರಿಸಲು ನನ್ನ ಬಳಿ ಇರುವ ಪುಣ್ಯ ಅದೊಂದೇ.

"ಥ್ಯಾಂಕ್ಸ್ ಅಮ್ಮಾ," ಎಂದಳು ಹೆರ್ಮಿನ್. ಸಂತನಿಗೆ ಹೇಳಿದ್ದ ಅದೇ ಧ್ವನಿ.

ಟ್ರೂಸ್ ಒಂದು ಕ್ರೋಕೆಟ್ ತಿಂದು ಮನೆಗೆ ಹೋದಳು.

ಸೋಮವಾರದ ಜಿಲ್ಲಾ ಪತ್ರಿಕೆಯಲ್ಲಿ ಅರ್ಧ ಪುಟದ ಚಿತ್ರ ಬಂತು. ಗಾಳಿಯಲ್ಲಿ ಬಿಲ್ಲಿನಂತೆ ಬಾಗಿದ ಹನ್ನೊಂದನೇ ನಂಬರ್. ಟ್ರೂಸ್ ಅದನ್ನು ಕತ್ತರಿಸಿ, ಗಂಡನ ಫೋಟೋದ ಚೌಕಟ್ಟು ಬಿಚ್ಚಿ, ಅವನನ್ನು ಡ್ರಾಯರಿಗೆ ಹಾಕಿ, ಇದನ್ನು ಅದರಲ್ಲಿ ಕೂರಿಸಿದಳು. ಊಟದ ಮೇಜಿನ ಮೇಲ್ಗಡೆ ತಾನೇ ಮೊಳೆ ಹೊಡೆದಳು. ಮೂರು ಸಲ ಬೆರಳಿಗೆ, ನಾಲ್ಕನೆಯ ಸಲ ಮೊಳೆಗೆ. ಫೆಬ್ರವರಿಯಲ್ಲಿ ಅವಳ ಹುಟ್ಟುಹಬ್ಬಕ್ಕೆ ನಾವೆಲ್ಲ ಕುರ್ಚಿಗಳನ್ನು ಗುಂಡಗೆ ಹಾಕಿಕೊಂಡು ಕೂತು, ಮಗಳಿಗೂ ನೆರೆಯವರಿಗೂ ಪರಸ್ಪರ ಅಭಿನಂದನೆ ಹೇಳಿ, ಒಂದು ಕಪ್ ಕಾಫಿಗೆ ಒಂದೇ ಬಿಸ್ಕತ್ತಿನ ನೇಮ ಪಾಲಿಸುತ್ತಿದ್ದಾಗ, ಟ್ರೂಸ್ ಆ ಕೊನೇ ಏಟನ್ನು ಮೂರು ಸಲ ವರ್ಣಿಸಿದಳು. ಮೂರನೆಯ ಸಲಕ್ಕೆ ಚೆಂಡು ನೆಲದಲ್ಲಿ ಹೂತುಹೋಗಿತ್ತು. "ಹೌದು ಟ್ರೂಸ್," ಎಂದೆವು ಗುಂಡಗೆ ಕೂತವರೆಲ್ಲ, ಒಬ್ಬರಾದ ಮೇಲೊಬ್ಬರು. ಹೆರ್ಮಿನ್ ಆ ಚಿತ್ರದ ಕೆಳಗೆ ನಿಂತು ಕೇಕ್ ಹಂಚಿದಳು. ಅಷ್ಟರಲ್ಲಿ ಅವಳಿಗೆ ಗೋದಾಮೊಂದರಲ್ಲಿ ಕೆಲಸ ಸಿಕ್ಕಿತ್ತು, ಮೇಲಿನ ಶೆಲ್ಫುಗಳ ವಿಭಾಗ. ಅವಳು ಬಂದ ಮೇಲೆ ಅವರು ಎರಡು ಏಣಿ ಮಾರಿದರಂತೆ.

ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಆ ಆಟ ನೋಡಿದ ಮೇಲೆ ಟ್ರೂಸಳಿಗೆ ಇನ್ನಷ್ಟು ನೋಡುವ ಆಸೆ ಹುಟ್ಟಿಬಿಟ್ಟಿತು. ಏಪ್ರಿಲ್‌ನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಳು. ಆಸ್ಪತ್ರೆಯಿಂದ ಕರೆತರುವುದು ನೆರೆಯವನ ಕರ್ತವ್ಯ, ನಾನೇ ಕಾರಿನಲ್ಲಿ ಕರೆತಂದೆ. ದಾರಿಯುದ್ದಕ್ಕೂ ಅವಳು ಹೊಲಗಳನ್ನು ನೋಡುತ್ತ, "ಎಷ್ಟು ಹಸಿರು. ದುಂದು," ಎನ್ನುತ್ತಿದ್ದಳು. ಮನೆಯೊಳಗೆ ಬಂದು ಮೊದಲು ಧೂಳು ನೋಡಿ ಬೈದಳು, ಆಮೇಲೆ ನನ್ನ ಮುಖ ನೋಡಿ, "ಯಾವಾಗಿಂದ ಹೀಗಾದೆ?" ಎಂದಳು. ಆಮೇಲೆ ಗೋಡೆಯ ಚಿತ್ರದ ಎದುರು ಹೋಗಿ ನಿಂತಳು. ಹೆರ್ಮಿನ್ ಒಲೆಯ ಮುಂದೆ ಬಟಾಣಿ ಸೂಪು ತಿರುಗಿಸುತ್ತಿದ್ದಳು. ಸೌಟು ನಿಂತಿತು.

ಟ್ರೂಸ್ ಚಿತ್ರದ ಕೆಳಗಿನ ಅಕ್ಷರಗಳನ್ನು ಬೆರಳಿಟ್ಟು ಓದಿದಳು. ತಿರುಗಿ ಮಗಳನ್ನು ನೋಡಿದಳು, ಮತ್ತೆ ಚಿತ್ರವನ್ನು ನೋಡಿದಳು.

"ಇದು ನೀನಲ್ಲ."

"ಅಲ್ಲಮ್ಮಾ."

"ಅವತ್ತು ನೀನೆಲ್ಲಿದ್ದೆ?"

"ಕ್ಯಾಂಟೀನಲ್ಲಿ. ಕ್ರೋಕೆಟ್ ಕರೀತಿದ್ದೆ."

ನಾನು ತಡೆಯಲಾರದೆ ಮುಂದೆ ಹೋಗಿ, ಆ ಚೌಕಟ್ಟನ್ನು ಇಳಿಸಲು ಕೈ ಹಾಕಿದೆ.

"ಬಿಡು ಬೆರೆಂಡ್," ಎಂದಳು ಟ್ರೂಸ್. "ಮೊಳೆ ಹೊಡೆದಾಗಿದೆ. ತೆಗೆದ್ರೆ ತೂತು ಕಾಣುತ್ತೆ. ಅಲ್ದೆ ಆ ಹುಡುಗಿ ಚೆನ್ನಾಗಿ ಆಡಿದ್ದು ಸುಳ್ಳಲ್ವಲ್ಲ." ಕುರ್ಚಿ ಎಳೆದುಕೊಂಡು ಕೂತಳು. ಕರವಸ್ತ್ರವನ್ನು ಮಡಿಲ ಮೇಲೆ ಹಾಸಿಕೊಂಡಳು. "ಕ್ರೋಕೆಟ್ ಮಾತ್ರ ಒಳಗೆ ತಣ್ಣಗಿತ್ತು."

ಹೆರ್ಮಿನ್ ಸೂಪು ಬಡಿಸಿದಳು, ಅಮ್ಮನಿಗೆ, ನನಗೆ, ತನಗೆ. ನಾನು ಕೈ ಹಾಕಿದ್ದಕ್ಕೆ ಚಿತ್ರ ಒಂದು ಪಕ್ಕಕ್ಕೆ ವಾಲಿತ್ತು. ಅವಳು ಕೂತಲ್ಲಿಂದಲೇ ಕೈ ಚಾಚಿ ಅದನ್ನು ನೆಟ್ಟಗೆ ಮಾಡಿದಳು. ಆಮೇಲೆ ಚಮಚ ಎತ್ತಿಕೊಂಡಳು.